ಕೈ ತೊಳೆದರೆ ಭಯ ತೊಳೆದೀತೆ?

ಹೊರಗಿನಿಂದ ಬಂದವರು ಕೈಕಾಲು ತೊಳೆದುಕೊಂಡೇ ಒಳಗೆ ಬರಬೇಕೆಂಬ ಪಾಠವನ್ನು ನಮ್ಮ ಮನೆಗಳಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿರಲಿಲ್ಲ. ಬಾಗಿಲ ಬಳಿ ಒಂದು ತೊಟ್ಟಿ ನೀರು, ಅದರ ಮೇಲೊಂದು ಚೊಂಬು. ಪೇಟೆಯಿಂದ ಬಂದ ಯಜಮಾನರಾಗಲಿ, ಶಾಲೆಯಿಂದ ಬಂದ ಮಕ್ಕಳಾಗಲಿ ಕಾಲಿಗೆ ನೀರು ಹಾಕಿಕೊಳ್ಳದೆ ಹೊಸ್ತಿಲು ದಾಟುತ್ತಿರಲಿಲ್ಲ. ತೊಟ್ಟಿ ಹೋಗಿ ನಲ್ಲಿ ಬಂದ ಮೇಲೂ ಅಭ್ಯಾಸ ಉಳಿದುಕೊಂಡಿತ್ತು. ಆದರೆ 2020ನೆಯ ಇಸವಿಯಲ್ಲಿ ಈ ಹಳೆಯ ಅಭ್ಯಾಸ ಇದ್ದಕ್ಕಿದ್ದಂತೆ ಜೀವನ್ಮರಣದ ಪ್ರಶ್ನೆಯಾಗಿ ಪರಿಣಮಿಸಿತು.

ಆ ವರ್ಷದ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ಜಗದ್ವ್ಯಾಪಿಯಾದ ಪಿಡುಗೆಂದು ಸಾರಿತು. ಈ ರೋಗದಿಂದ ಭಾರತದಲ್ಲಿ ಸಂಭವಿಸಿದ ಮೊದಲ ಸಾವು ನಮ್ಮ ಕಲಬುರಗಿಯದೆಂಬ ಸುದ್ದಿ ಮರುದಿನವೇ ಖಚಿತವಾಯಿತು. ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಕದ ಹಾಕಿಕೊಂಡಿತು. ಅನಂತರದ ದಿನಗಳನ್ನು ಮರೆತವರುಂಟೆ? ದೂರವಾಣಿ ಎತ್ತಿದರೆ ಮೊದಲು ಕೇಳಿಸುತ್ತಿದ್ದುದು ಕೆಮ್ಮಿನ ಸದ್ದು ಮತ್ತು ಕೈ ತೊಳೆಯಿರೆಂಬ ಉಪದೇಶ. ಹಾಲಿನ ಪೊಟ್ಟಣಕ್ಕೆ ಸಾಬೂನಿನ ಸ್ನಾನ. ಬದನೆ, ಬೆಂಡೆಗಳಿಗೆ ಉಪ್ಪುನೀರಿನ ಮಜ್ಜನ. ವೃತ್ತಪತ್ರಿಕೆಗೆ ಬಿಸಿಲಿನ ಸೆರೆವಾಸ. ನೋಟುಗಳ ಮೇಲೆ ಇಸ್ತ್ರಿಪೆಟ್ಟಿಗೆ ಆಡಿಸಿದ ಮಹನೀಯರೂ ಇದ್ದರು. ಅಂದು ಇದನ್ನು ನೋಡಿ ನಗುವ ಧೈರ್ಯ ಯಾರಿಗೂ ಇರಲಿಲ್ಲ. ಇಂದು ನೆನೆದು ನಗುತ್ತೇವೆ.

ನಗುತ್ತೇವೆ, ಏಕೆಂದರೆ ನಮ್ಮಲ್ಲಿ ಬಹುಮಂದಿ ಅದನ್ನು ಬಿಟ್ಟುಬಿಟ್ಟೆವು. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ತುರ್ತುಪರಿಸ್ಥಿತಿ ಮುಗಿಯಿತೆಂದು ಘೋಷಿಸುವ ಹೊತ್ತಿಗೆ ಮನೆಬಾಗಿಲ ಸ್ಯಾನಿಟೈಸರ್ ಸೀಸೆ ಎಷ್ಟೋ ಮನೆಗಳಲ್ಲಿ ಧೂಳು ಹಿಡಿದು ಕುಳಿತಿತ್ತು. ಆದರೆ ಕೆಲವು ಮನೆಗಳಲ್ಲಿ ನಲ್ಲಿ ನಿಲ್ಲಲಿಲ್ಲ. ಅಲ್ಲಿ ಒಬ್ಬರು ಇನ್ನೂ ತೊಳೆಯುತ್ತಿದ್ದರು. ಬೆರಳುಗಳ ಸಂದಿ ಬಿರಿದು, ಸಾಬೂನು ತಗುಲಿದರೆ ಉರಿಯುವಂತಾಗಿದ್ದರೂ ತೊಳೆಯುತ್ತಿದ್ದರು. ಅಂಥ ಮನೆಗಳಿಗಾಗಿ, ಅಂಥ ಮನೆಯ ನೆಂಟರು ನೆರೆಹೊರೆಯವರಿಗಾಗಿ ಈ ನಾಲ್ಕು ಮಾತು. ಇದನ್ನು ಬರೆಯುತ್ತಿರುವವನು ವೈದ್ಯನಲ್ಲ, ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಬಲ್ಲವರು ಕಂಡುಕೊಂಡ ಸಂಗತಿಗಳನ್ನು ಮನೆಮಾತಿನಲ್ಲಿ ನಿವೇದಿಸುವುದಷ್ಟೇ ಇಲ್ಲಿಯ ಉದ್ದೇಶ.

ಗೀಳು ಎಂಬ ರೋಗ

ಗೀಳು ಎಂಬುದು ನಾವು ದಿನವೂ ಹಗುರವಾಗಿ ಆಡುವ ಮಾತು. ಒಬ್ಬನಿಗೆ ಸಿನಿಮಾ ಗೀಳು, ಇನ್ನೊಬ್ಬನಿಗೆ ಕ್ರಿಕೆಟ್ಟಿನ ಗೀಳು. ಆದರೆ ಮನೋವೈದ್ಯರು ಗೀಳುರೋಗವೆಂದು ಕರೆಯುವುದು, ಓ.ಸಿ.ಡಿ. ಎಂಬ ಮೂರಕ್ಷರದಿಂದ ನಗರವಾಸಿಗಳಿಗೆ ಪರಿಚಿತವಾಗಿರುವುದು ಬೇರೊಂದು. ಸಿನಿಮಾ ಗೀಳಿನವನಿಗೆ ಸಿನಿಮಾದಿಂದ ಸುಖವುಂಟು. ಗೀಳುರೋಗಿಗೆ ತನ್ನ ಗೀಳಿನಿಂದ ಲೇಶವೂ ಸುಖವಿಲ್ಲ.

ಈ ರೋಗಕ್ಕೆ ಎರಡು ಮುಖ. ಬೇಡವೆಂದರೂ ಮತ್ತೆ ಮತ್ತೆ ನುಗ್ಗಿ ಬಂದು ಕಾಡುವ ಯೋಚನೆ ಒಂದು. ಆ ಯೋಚನೆ ಎಬ್ಬಿಸಿದ ತಳಮಳವನ್ನು ಶಮನಗೊಳಿಸಲು ಮಾಡಲೇಬೇಕೆನಿಸುವ ಕ್ರಿಯೆ ಇನ್ನೊಂದು. ಕೈಯಲ್ಲಿ ಕೊಳೆಯಿದೆಯೆಂಬುದು ಯೋಚನೆ, ತೊಳೆಯುವುದು ಕ್ರಿಯೆ. ಬೀಗ ಹಾಕಿದೆನೋ ಇಲ್ಲವೋ ಎಂಬುದು ಯೋಚನೆ, ಬಸ್ ನಿಲ್ದಾಣದಿಂದ ಹಿಂತಿರುಗಿ ಬಂದು ಬೀಗ ಜಗ್ಗಿ ನೋಡುವುದು ಕ್ರಿಯೆ. ಪರೀಕ್ಷೆಯ ಕೊಠಡಿಯಲ್ಲಿ ಮೇಲ್ವಿಚಾರಣೆ ಮಾಡಿದ ಅಧ್ಯಾಪಕರಿಗೆ ಇನ್ನೊಂದು ಬಗೆ ಗೊತ್ತಿರುತ್ತದೆ: ಉತ್ತರಗಳನ್ನೆಲ್ಲ ಬರೆದು ಮುಗಿಸಿ, ಗಂಟೆ ಬಾರಿಸಿದ ಮೇಲೂ ನೋಂದಣಿಸಂಖ್ಯೆ ಸರಿಯಾಗಿದೆಯೋ ಇಲ್ಲವೋ ಎಂದು ಇಪ್ಪತ್ತನೆಯ ಸಲ ಬೆರಳಿಟ್ಟು ಎಣಿಸುತ್ತ ಉತ್ತರಪತ್ರಿಕೆಯನ್ನು ಬಿಟ್ಟುಕೊಡಲಾಗದ ವಿದ್ಯಾರ್ಥಿ. ಇವೆಲ್ಲಕ್ಕಿಂತ ಗುಟ್ಟಾಗಿ ಕಾಡುವ ಬಗೆಗಳೂ ಉಂಟು. ದೇವರ ಮುಂದೆ ಕೈಮುಗಿದಾಗಲೇ ಭಕ್ತನ ಮನಸ್ಸಿನಲ್ಲಿ ಹೊಲಸು ಮಾತು ಹೊಳೆಯುವುದು. ಎಳೆಮಗುವನ್ನು ಎತ್ತಿಕೊಂಡ ತಾಯಿಗೆ, ಇದನ್ನು ನಾನೇ ಕೆಳಗೆ ಹಾಕಿಬಿಟ್ಟರೆ ಎಂಬ ಭೀಕರ ಚಿತ್ರ ಕಣ್ಣಮುಂದೆ ಬರುವುದು. ಆ ಭಕ್ತ ನಾಸ್ತಿಕನಲ್ಲ, ಆ ತಾಯಿ ರಾಕ್ಷಸಿಯಲ್ಲ. ತಮಗೆ ಅತ್ಯಂತ ಪ್ರಿಯವಾದುದರ ವಿಷಯದಲ್ಲಿಯೇ ಅವರನ್ನು ಈ ರೋಗ ಹಿಡಿದು ಹಿಂಸಿಸುತ್ತದೆ.

ಇಂಥ ಯೋಚನೆಗಳು ರೋಗಿಗಳಿಗೆ ಮಾತ್ರ ಬರುತ್ತವೆಯೆಂದು ಯಾರೂ ಭಾವಿಸಬೇಕಾಗಿಲ್ಲ. 1978ರಲ್ಲಿ ಲಂಡನ್ನಿನ ರಾಕ್‌ಮನ್ ಮತ್ತು ಡಿ ಸಿಲ್ವ ಎಂಬ ಇಬ್ಬರು ವಿದ್ವಾಂಸರು ಆರೋಗ್ಯವಂತರನ್ನು ವಿಚಾರಿಸಿ ನೋಡಿದಾಗ, ಅವರಲ್ಲಿ ಬಹುಪಾಲು ಜನಕ್ಕೆ ಇದೇ ಬಗೆಯ ಅಸಂಬದ್ಧ ಯೋಚನೆಗಳು ಬಂದುಹೋಗುತ್ತವೆಂದು ತಿಳಿದುಬಂದಿತು. ಯೋಚನೆಯ ಸ್ವರೂಪದಲ್ಲಿ ಹೆಚ್ಚಿನ ಭೇದವಿಲ್ಲ. ಆರೋಗ್ಯವಂತನಲ್ಲಿ ಅದು ಬಂದು ಹೋಗುತ್ತದೆ. ರೋಗಿಯಲ್ಲಿ ಅದು ಬಂದು ಕೂರುತ್ತದೆ. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕಾಲವನ್ನು ಇದು ನುಂಗುತ್ತಿದ್ದರೆ, ಓದು, ಉದ್ಯೋಗ, ಸಂಸಾರಗಳಿಗೆ ಅಡ್ಡ ಬರುತ್ತಿದ್ದರೆ, ಆಗ ರೋಗವೆಂದು ಪರಿಗಣಿಸುವುದು ವೈದ್ಯರ ವಾಡಿಕೆ.

ನಮ್ಮಲ್ಲಿ ಇದನ್ನು ಗುರುತಿಸುವುದಕ್ಕೆ ಇನ್ನೊಂದು ತೊಡಕು ಇದೆ. ಅದು ಮಡಿ. ಸ್ನಾನಮಾಡಿ ಒಣಗಿದ ಸೀರೆಯುಟ್ಟು ಅಡಿಗೆಗೆ ನಿಲ್ಲುವ ಅಜ್ಜಿಗೆ ರೋಗವಿದೆಯೆಂದು ಹೇಳುವುದು ಅನ್ಯಾಯ. ಮಡಿಗೆ ಒಂದು ಕ್ರಮವಿದೆ. ಅದು ಆರಂಭವಾಗುವ ಹೊತ್ತುಂಟು, ಮುಗಿಯುವ ಹೊತ್ತುಂಟು. ಮುಗಿದ ಮೇಲೆ ಅಜ್ಜಿ ನಿಶ್ಚಿಂತೆಯಿಂದ ಊಟಕ್ಕೆ ಕೂರುತ್ತಾರೆ. ಆದರೆ ಮೂರು ಸಲ ಮಿಂದರೂ ಮಡಿಯಾಯಿತೆಂದು ಅನಿಸದೆ ನಾಲ್ಕನೆಯ ಸಲ ಬಚ್ಚಲಿಗೆ ಹೋಗಿ ಅಳುತ್ತ ನಿಂತವರನ್ನು, ಇವರ ಮಡಿ ಸ್ವಲ್ಪ ಹೆಚ್ಚು ಎಂದು ಹೇಳಿ ಎಷ್ಟು ಮನೆಗಳು ವರ್ಷಗಟ್ಟಲೆ ಸುಮ್ಮನಿದ್ದವೋ! ಕೊರೋನಾ ಕಾಲದಲ್ಲಿ ಮಡಿಯ ಸ್ಥಾನಕ್ಕೆ ಸರಕಾರದ ಸೂಚನೆ ಬಂದಿತು, ಅಷ್ಟೇ. ಸಾಬೂನು ಹಚ್ಚಿ ಇಪ್ಪತ್ತು ಸೆಕೆಂಡು ಉಜ್ಜಬೇಕೆಂದು ಆ ಸೂಚನೆ ಹೇಳುತ್ತಿತ್ತು. ಇಪ್ಪತ್ತಾದ ಮೇಲೆ ನಿಲ್ಲಿಸಬಹುದೆಂಬುದು ಅದರೊಳಗೇ ಇದ್ದ ಅಭಯ. ಗೀಳುರೋಗಿಯ ಕಿವಿಗೆ ಮೊದಲರ್ಧ ಮಾತ್ರ ಕೇಳಿಸಿತು.

ಸಂಶಯಕ್ಕೆ ಕೊನೆಯಿಲ್ಲ

ಕೈ ತೊಳೆಯುವುದು ಸಾಮಾನ್ಯ ಸಂಗತಿಯಲ್ಲವೆಂಬುದನ್ನು ಮೊದಲು ಒಪ್ಪಿಕೊಳ್ಳೋಣ. 1847ರಲ್ಲಿ ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ, ಸುಣ್ಣದ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆದ ಮೇಲೆಯೇ ಬಾಣಂತಿಯರನ್ನು ಮುಟ್ಟಬೇಕೆಂದು ಕಟ್ಟುಮಾಡಿ ಎಷ್ಟೋ ತಾಯಂದಿರ ಪ್ರಾಣ ಉಳಿಸಿದನು. 2020ರಲ್ಲಿಯೂ ಕೈ ತೊಳೆದುದು ತಪ್ಪಾಗಿರಲಿಲ್ಲ. ಆದರೆ ಈ ರೋಗ ಮುಖ್ಯವಾಗಿ ಹರಡುವುದು ಉಸಿರಿನಿಂದ, ಗಾಳಿಯಿಂದ ಎಂಬುದು ಕ್ರಮೇಣ ಸ್ಪಷ್ಟವಾಯಿತು. ಸೋಂಕು ತಗುಲಿದ ವಸ್ತುವೊಂದನ್ನು ಒಮ್ಮೆ ಮುಟ್ಟಿದರೆ ರೋಗ ಬರುವ ಸಂಭವ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆಯೆಂದು ಅಮೆರಿಕದ ರೋಗನಿಯಂತ್ರಣ ಕೇಂದ್ರವು 2021ರ ಏಪ್ರಿಲ್‌ನಲ್ಲಿ ತಿಳಿಸಿತು.

ಈ ಒಂದು ಸುದ್ದಿಯನ್ನು ಇಬ್ಬರು ಹೇಗೆ ಓದಿದರೆಂದು ಯೋಚಿಸಿರಿ. ಸಾಮಾನ್ಯ ಗೃಹಸ್ಥ ಓದಿ, ಸದ್ಯ, ಇನ್ನು ಹಾಲಿನ ಪೊಟ್ಟಣ ತೊಳೆಯುವ ಕಾಟ ತಪ್ಪಿತು ಎಂದು ನಿಟ್ಟುಸಿರುಬಿಟ್ಟನು. ಗೀಳಿನಿಂದ ಬಳಲುವವನು ಓದಿ, ಹತ್ತು ಸಾವಿರದಲ್ಲಿ ಆ ಒಂದು ನಾನೇ ಆದರೆ ಎಂದು ಬೆವತನು. ಅವನಿಗೆ ಬೇಕಾದುದು ಕಡಿಮೆ ಅಪಾಯವಲ್ಲ, ಶೂನ್ಯ ಅಪಾಯ. ಅಂಥ ಶೂನ್ಯವು ಈ ಲೋಕದಲ್ಲಿ ಎಲ್ಲಿಯೂ ಸಿಕ್ಕುವುದಿಲ್ಲ. ರೋಗದ ತಿರುಳು ಇರುವುದು ಇಲ್ಲಿಯೇ. ಕೊಳೆಯಲ್ಲಲ್ಲ, ಸಂಶಯವನ್ನು ಸಹಿಸಲಾರದ ಮನಸ್ಸಿನಲ್ಲಿ.

ಇದಕ್ಕೆ ಇನ್ನೊಂದು ಎಳೆಯೂ ಸೇರುತ್ತದೆ. 1985ರಲ್ಲಿ ಇಂಗ್ಲೆಂಡಿನ ಸಾಲ್ಕೋವ್‌ಸ್ಕಿಸ್ ಎಂಬ ಮನಶ್ಶಾಸ್ತ್ರಜ್ಞರು ಅದನ್ನು ಎತ್ತಿ ತೋರಿಸಿದರು. ಈ ರೋಗಿಗಳು ತಮ್ಮ ಹೆಗಲಿಗೆ ಅಳತೆಮೀರಿದ ಹೊಣೆಯನ್ನು ಹೊರಿಸಿಕೊಂಡಿರುತ್ತಾರೆ. ಯಾರಿಗೆ ಏನಾದರೂ ಕೆಡುಕಾದರೆ ಅದನ್ನು ತಾನು ತಡೆಯಬಹುದಾಗಿತ್ತು, ತಡೆಯದಿದ್ದುದರಿಂದ ತಾನೇ ಅಪರಾಧಿ ಎಂಬ ಭಾವನೆ ಅವರನ್ನು ಸುಡುತ್ತಿರುತ್ತದೆ. ಕೋವಿಡ್ ಇಂಥವರ ಪಾಲಿಗೆ ಎಂಥ ಪರೀಕ್ಷೆಯಾಗಿದ್ದೀತು! ತನ್ನ ಪ್ರಾಣದ ಭಯಕ್ಕಿಂತ, ತನ್ನಿಂದ ಮನೆಯ ಹಿರಿಯರಿಗೆ ತಗುಲೀತೆಂಬ ಭಯವೇ ಅನೇಕರನ್ನು ಹೆಚ್ಚು ಹಿಂಡಿತು.

ತಜ್ಞರು ಕಂಡದ್ದು

ಪಿಡುಗಿನಿಂದ ಗೀಳುರೋಗಿಗಳ ಸ್ಥಿತಿ ಕೈಮೀರಿ ಹೋದೀತೆಂದು ಮನೋವೈದ್ಯರು ಎಲ್ಲೆಡೆ ಹೆದರಿದ್ದರು. ಹೆದರಿಕೆ ಸುಳ್ಳಾಗಿರಲಿಲ್ಲ. 2020ರಲ್ಲಿ ಜರ್ಮನಿಯಲ್ಲಿ ಈ ರೋಗವಿದ್ದ 394 ಮಂದಿಯನ್ನು ಪ್ರಶ್ನಿಸಿದಾಗ, ತಮ್ಮ ಬೇನೆ ಹೆಚ್ಚಾಯಿತೆಂದು ನೂರಕ್ಕೆ ಎಪ್ಪತ್ತಕ್ಕೂ ಮಿಕ್ಕಿ ಜನ ಹೇಳಿದರು. ತೊಳೆಯುವ ಗೀಳಿದ್ದವರಲ್ಲಿ ಈ ಏರಿಕೆ ಹೆಚ್ಚಾಗಿದ್ದಿತು.

ಆದರೆ ನಮ್ಮ ಬೆಂಗಳೂರಿನಿಂದಲೇ ಬಂದ ಇನ್ನೊಂದು ವರದಿ ಬೇರೆ ಕಥೆ ಹೇಳಿತು. ನಿಮ್ಹಾನ್ಸ್ ಸಂಸ್ಥೆಯಲ್ಲಿ ಗೀಳುರೋಗಕ್ಕೆಂದೇ ಪ್ರತ್ಯೇಕವಾದ ಚಿಕಿತ್ಸಾಲಯವಿದೆ. ಅಲ್ಲಿನ ವೈದ್ಯರು ಪಿಡುಗಿನ ಆರಂಭದ ತಿಂಗಳುಗಳಲ್ಲಿ ತಮ್ಮಲ್ಲಿ ದಾಖಲಾಗಿದ್ದ 240 ಮಂದಿಯ ಸ್ಥಿತಿಗತಿಗಳನ್ನು ವಿಚಾರಿಸಿ, ಪಿಡುಗಿಗೆ ಮುಂಚಿನ ಕಾಲದ 207 ರೋಗಿಗಳೊಡನೆ ಹೋಲಿಸಿದರು. ಎರಡು ಗುಂಪುಗಳಲ್ಲಿಯೂ ರೋಗ ಮರುಕಳಿಸಿದವರು ಹೆಚ್ಚುಕಡಿಮೆ ಐದರಲ್ಲೊಬ್ಬರು ಮಾತ್ರ. ಗೀಳಿನ ವಸ್ತುವೇ ಕೊರೋನಾ ಆಗಿದ್ದವರು ನೂರಕ್ಕೆ ಆರು ಮಂದಿಯಷ್ಟೇ. ತಮ್ಮ ಆರೋಗ್ಯದ ಬಗ್ಗೆ ಕೋವಿಡ್ ಕಾರಣವಾಗಿ ಯಾರ ಆತಂಕ ಹೆಚ್ಚಾಗಿತ್ತೋ ಅವರಲ್ಲಿಯೂ ರೋಗ ಮರುಕಳಿಸುವ ಸಂಭವ ಹೆಚ್ಚೆಂದು ಕಂಡುಬರಲಿಲ್ಲ.

ಈ ಎರಡು ವರದಿಗಳು ಒಂದನ್ನೊಂದು ಹುಸಿಮಾಡುವುದಿಲ್ಲ. ಒಂದು ಕಡೆ ರೋಗಿಗಳು ತಾವೇ ಹೇಳಿಕೊಂಡ ಅನುಭವ. ಇನ್ನೊಂದು ಕಡೆ ಒಂದೇ ಚಿಕಿತ್ಸಾಲಯದ ವೈದ್ಯರ ಕಣ್ಣಿನಲ್ಲಿದ್ದವರ ಸ್ಥಿತಿ. ಎರಡನ್ನೂ ಕೂಡಿಸಿ ಓದಿದರೆ ನಮ್ಮಂಥವರಿಗೆ ತಿಳಿಯುವುದಿಷ್ಟು: ರೋಗಾಣುವಿನ ಸುದ್ದಿಯೊಂದೇ ಗೀಳನ್ನು ಬೆಳೆಸುವುದಿಲ್ಲ. ಆ ಸುದ್ದಿ ಎಬ್ಬಿಸಿದ ಭಯವನ್ನು ಮನುಷ್ಯ ಏನು ಮಾಡುತ್ತಾನೆ, ಅವನ ಪಕ್ಕದಲ್ಲಿ ಯಾರಿದ್ದಾರೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಭಯವನ್ನು ನುಂಗಬಹುದೆ?

ಭಾವನೆಗಳ ವಿಷಯದಲ್ಲಿ ಕನ್ನಡ ನುಡಿಗಟ್ಟುಗಳು ಸ್ವಾರಸ್ಯವಾಗಿವೆ. ದುಃಖವನ್ನು ನುಂಗಿಕೊಳ್ಳುತ್ತೇವೆ, ಕೋಪವನ್ನು ಅದುಮಿಕೊಳ್ಳುತ್ತೇವೆ, ಪರರ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತೇವೆ, ಹಲ್ಲು ಕಚ್ಚಿ ಸಹಿಸುತ್ತೇವೆ. ಇದೇ ಭಾಷೆಯಲ್ಲಿ ಅಳಲನ್ನು ತೋಡಿಕೊಳ್ಳುವುದೂ ಇದೆ, ಮನಸ್ಸನ್ನು ಹಗುರಮಾಡಿಕೊಳ್ಳುವುದೂ ಇದೆ. ಆದರೆ ನಮ್ಮ ಮನೆಗಳಲ್ಲಿ ಪ್ರಶಂಸೆ ಸಿಕ್ಕುವುದು ನುಂಗಿಕೊಂಡವರಿಗೇ ಹೆಚ್ಚು.

ನುಂಗಿದ ಯೋಚನೆ ಜೀರ್ಣವಾಗುವುದೆ? ಮದ್ದು ಕುಡಿಯುವಾಗ ಕೋತಿಯನ್ನು ನೆನೆಯಬೇಡ ಎಂದು ವೈದ್ಯ ಹೇಳಿದ್ದರಿಂದ, ಅದುವರೆಗೆ ಕೋತಿಯ ಗೊಡವೆಯೇ ಇಲ್ಲದಿದ್ದ ರೋಗಿಗೆ ಬಟ್ಟಲು ಎತ್ತಿದಾಗಲೆಲ್ಲ ಕೋತಿಯೇ ಕಾಣಿಸಿತೆಂಬ ಕಥೆ ನಮ್ಮಲ್ಲಿ ಹಳೆಯದು. 1987ರಲ್ಲಿ ಅಮೆರಿಕದ ವೆಗ್ನರ್ ಎಂಬ ಮನಶ್ಶಾಸ್ತ್ರಜ್ಞರು ಹೆಚ್ಚು ಕಡಿಮೆ ಇದೇ ಕಥೆಯನ್ನು ಪ್ರಯೋಗವಾಗಿ ಮಾಡಿದರು. ಅವರ ಕೋತಿ ಒಂದು ಬಿಳಿಯ ಕರಡಿ. ಐದು ನಿಮಿಷ ಬಿಳಿಯ ಕರಡಿಯನ್ನು ನೆನೆಯಕೂಡದು, ನೆನಪಾದರೆ ಗಂಟೆ ಬಾರಿಸಬೇಕು ಎಂದು ವಿದ್ಯಾರ್ಥಿಗಳಿಗೆ ಹೇಳಿದರು. ಗಂಟೆ ಮತ್ತೆ ಮತ್ತೆ ಬಾರಿಸಿತು. ಅಷ್ಟೇ ಅಲ್ಲ, ಅನಂತರ ನೆನೆಯಬಹುದೆಂದು ಅನುಮತಿ ಕೊಟ್ಟಾಗ, ಮೊದಲಿಂದಲೂ ನೆನೆಯಲು ಬಿಟ್ಟಿದ್ದವರಿಗಿಂತ ಇವರಿಗೆ ಕರಡಿ ಹೆಚ್ಚಾಗಿ ನೆನಪಾಯಿತು. ಹೊರಗಟ್ಟಿದ ಯೋಚನೆ ಬಾಗಿಲ ಹೊರಗೇ ಕಾದು ನಿಂತಿರುತ್ತದೆ.

1998ರಲ್ಲಿ ಸ್ಟಾನ್‌ಫರ್ಡ್ ವಿಶ್ವವಿದ್ಯಾನಿಲಯದ ಜೇಮ್ಸ್ ಗ್ರಾಸ್ ಅವರು ಪ್ರಕಟಿಸಿದ ಪ್ರಯೋಗವೊಂದು ಈ ಮಾತಿಗೆ ಪೂರಕವಾಗಿದೆ. ತೋಳು ಕತ್ತರಿಸುವ ಶಸ್ತ್ರಚಿಕಿತ್ಸೆಯ ಚಲನಚಿತ್ರವನ್ನು ತೋರಿಸುವಾಗ, ಮುಖದಲ್ಲಿ ಏನೂ ತೋರದಂತೆ ಅದುಮಿಕೊಳ್ಳಿರೆಂದು ಕೆಲವರಿಗೂ, ವೈದ್ಯವಿದ್ಯೆಯ ಕಣ್ಣಿನಿಂದ ನೋಡಿರೆಂದು ಇನ್ನು ಕೆಲವರಿಗೂ ಹೇಳಲಾಯಿತು. ಅದುಮಿಕೊಂಡವರ ಮುಖವೇನೋ ಶಾಂತವಾಗಿತ್ತು. ಒಳಗಿನ ಹೇಸಿಗೆ ಕಡಿಮೆಯಾಗಿರಲಿಲ್ಲ, ದೇಹದ ಉದ್ವೇಗ ಏರಿತ್ತು. ನೋಡುವ ಬಗೆಯನ್ನು ಬದಲಾಯಿಸಿಕೊಂಡವರಲ್ಲಿ ಹೇಸಿಗೆಯೇ ಕಡಿಮೆಯಾಗಿತ್ತು.

ಭಾವಸಂಯಮ ಎಂಬ ಪದವನ್ನು ನಾವು ಅನೇಕ ವೇಳೆ ತಪ್ಪಾಗಿ ಗ್ರಹಿಸಿದ್ದೇವೆ. ಸಂಯಮವೆಂದರೆ ಲಗಾಮು ಹಿಡಿಯುವುದು. ಲಗಾಮು ಹಿಡಿದವನು ಕುದುರೆಯನ್ನು ಕೊಲ್ಲುವುದೂ ಇಲ್ಲ, ಕುದುರೆಯೇ ಇಲ್ಲವೆಂದು ಸಾಧಿಸುವುದೂ ಇಲ್ಲ. ಗೀಳಿನ ಸಂದರ್ಭದಲ್ಲಿ ಲಗಾಮು ಹಿಡಿಯುವುದೆಂದರೆ, ಈಗ ನನಗೆ ಭಯವಾಗಿದೆ, ಭಯವಾದ ಮಾತ್ರಕ್ಕೆ ಅಪಾಯ ಬಂದಂತಲ್ಲ ಎಂದು ಗುರುತಿಸಿ, ಆ ಭಯ ಎದೆಯಲ್ಲಿ ಇರುವಾಗಲೇ ಮಾಡುತ್ತಿದ್ದ ಕೆಲಸವನ್ನು ಮುಂದುವರಿಸುವುದು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೈಯಲ್ಲಿ ಕ್ರಿಮಿ ಇದೆಯೋ ಇಲ್ಲವೋ ಎಂಬ ವಾದಕ್ಕೆ ಇಳಿದರೆ ಆ ವಾದವೇ ಹೊಸದೊಂದು ಗೀಳಾಗಿ ರಾತ್ರಿಯೆಲ್ಲ ನಡೆದೀತು.

ಹಾಗಾದರೆ ತೊಳೆಯುವುದು ಏನು? ಅದೂ ಭಯವನ್ನು ನಿಭಾಯಿಸುವ ಒಂದು ಉಪಾಯವೇ. ಅದರಿಂದ ಭಯ ತಕ್ಷಣ ಇಳಿಯುತ್ತದೆ. ಆದುದರಿಂದಲೇ ಅದು ಅಪಾಯಕರ. ಮೀಟರ್ ಬಡ್ಡಿಗೆ ಸಾಲ ತಂದಂತೆ ಅದು. ಇಂದಿನ ಕಷ್ಟ ಈ ಕ್ಷಣಕ್ಕೆ ಕಳೆಯಿತು. ನಾಳೆ ಸಾಹುಕಾರ ಅಸಲಿನ ಜೊತೆ ಬಡ್ಡಿಯನ್ನೂ ಕೇಳಲು ಬಂದ. ತೊಳೆದುದರಿಂದಲೇ ನೆಮ್ಮದಿಯಾಯಿತೆಂದು ಮನಸ್ಸು ಕಲಿಯುತ್ತದೆ; ತೊಳೆಯದಿದ್ದರೂ ಸ್ವಲ್ಪ ಹೊತ್ತಿನಲ್ಲಿ ಭಯ ತಾನಾಗಿಯೇ ಇಳಿಯುತ್ತಿತ್ತೆಂಬುದನ್ನು ಕಲಿಯುವ ಅವಕಾಶ ಅದಕ್ಕೆ ಸಿಕ್ಕುವುದೇ ಇಲ್ಲ.

ಮನೆಯವರ ಮಮತೆ

ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಇದು ಯಾವ ಒಂದು ಮನೆಯ ಕಥೆಯೂ ಅಲ್ಲ. ಅನೇಕ ಮನೆಗಳಲ್ಲಿ ನಡೆಯುವುದನ್ನು ಸೇರಿಸಿ ಬರೆದ ಚಿತ್ರ. ತಂದೆ, ತಾಯಿ, ಎಪ್ಪತ್ತು ದಾಟಿದ ಅಜ್ಜಿ, ಪಿ.ಯು.ಸಿ. ಓದುವ ಮಗಳು. ಕಾಲೇಜಿಗೆ ಬೀಗ, ಪಾಠವೆಲ್ಲ ಮೊಬೈಲಿನಲ್ಲಿ. ಬೆಳಗ್ಗೆ ಹಾಲು ತರುವುದು ಹುಡುಗಿಯ ಪಾಲಿನ ಕೆಲಸ.

"ಅಮ್ಮಾ, ಹಾಲು ತಂದಮೇಲೆ ನಾನು ಬಾಗಿಲ ಚಿಲಕ ಮುಟ್ಟಿದೆನಾ?"

"ಇಲ್ಲ ಕಣೇ, ನಾನೇ ತೆಗೆದೆನಲ್ಲ."

"ನಿಜವಾಗಿಯೂ ಮುಟ್ಟಲಿಲ್ಲ ತಾನೆ? ಅಜ್ಜಿ ಆಮೇಲೆ ಅದನ್ನ ಮುಟ್ಟಿದರು."

"ಇಲ್ಲಮ್ಮ, ನನ್ನಾಣೆ. ಅಜ್ಜಿಗೆ ಏನೂ ಆಗೋಲ್ಲ, ಹೋಗು."

ಇಂಥ ಮಾತು ಒಂದು ಸಲವಾದರೆ ಅದು ಸಹಜ. ದಿನಕ್ಕೆ ಇಪ್ಪತ್ತು ಸಲವಾದರೆ? ತಾಯಿಯ ಉತ್ತರವೂ ಸಾಬೂನಿನ ಕೆಲಸವನ್ನೇ ಮಾಡತೊಡಗಿತು. ಹತ್ತು ನಿಮಿಷದ ನೆಮ್ಮದಿ, ಆಮೇಲೆ ಮತ್ತೆ ಪ್ರಶ್ನೆ. ಕ್ರಮೇಣ ತಂದೆ ಚಿಲಕಕ್ಕೆ ತಾನೇ ದ್ರಾವಣ ಹಚ್ಚತೊಡಗಿದರು, ಅಜ್ಜಿ ಮೊಮ್ಮಗಳ ಸಮಾಧಾನಕ್ಕೆಂದು ತಮ್ಮ ಕೋಣೆಯಿಂದ ಹೊರಗೆ ಬರುವುದನ್ನೇ ಬಿಟ್ಟರು, ಬಚ್ಚಲುಮನೆ ಹುಡುಗಿಯ ವಶವಾಯಿತು. ಎಲ್ಲವೂ ಪ್ರೀತಿಯಿಂದಲೇ ನಡೆದುದು. ಮನೆಯವರು ಗೀಳಿನ ಆಜ್ಞೆಗೆ ಹೀಗೆ ಹೊಂದಿಕೊಂಡಷ್ಟೂ ರೋಗ ಬೇರೂರುತ್ತದೆಂದು ವೈದ್ಯರು ಎಚ್ಚರಿಸುತ್ತಾರೆ.

ಇದಕ್ಕೆ ವಿರುದ್ಧವಾದ ತಪ್ಪೂ ಒಂದಿದೆ. ಒಂದು ದಿನ ತಂದೆಗೆ ರೇಗಿ, "ಇದೇನು ಹುಚ್ಚಾಟ!" ಎಂದು ಗದರಿಸಿ ನೀರಿನ ಗೇಟ್‌ವಾಲ್ವ್ ತಿರುಗಿಸಿದರೆ, ಹುಡುಗಿ ಕಲಿಯುವುದು ಧೈರ್ಯವನ್ನಲ್ಲ, ಗುಟ್ಟನ್ನು. ತನ್ನ ಯೋಚನೆ ಅರ್ಥಹೀನವೆಂದು ಅವಳಿಗೇ ಬಹುಮಟ್ಟಿಗೆ ಗೊತ್ತು. ಗೊತ್ತಿದ್ದೂ ಬಿಡಲಾಗದ ನಾಚಿಕೆ ಆಗಲೇ ಅವಳನ್ನು ತಿನ್ನುತ್ತಿರುತ್ತದೆ.

ನಡುವಿನ ದಾರಿಯೊಂದಿದೆ. ಅದನ್ನು ಮೊದಲೇ, ಮನಸ್ಸು ಶಾಂತವಾಗಿರುವಾಗ, ಅವಳೊಡನೆ ಕೂತು ಮಾತಾಡಿ ಗೊತ್ತುಮಾಡಿಕೊಳ್ಳಬೇಕು. ಆಮೇಲೆ ತಾಯಿ ಹೀಗೆ ಹೇಳಬಹುದು: "ಮಗೂ, ನಿನಗೆ ಈಗ ಎಷ್ಟು ಭಯ ಆಗ್ತಿದೆ ಅಂತ ನನಗೆ ಕಾಣ್ತಾ ಇದೆ. ಉತ್ತರ ಆಗಲೇ ಹೇಳಿದ್ದೀನಿ. ಇನ್ನೊಂದು ಸಲ ಹೇಳಿದರೆ ಆ ಗೀಳಿಗೆ ಅನ್ನ ಹಾಕಿದ ಹಾಗಾಗುತ್ತೆ. ಬಾ, ಇಲ್ಲಿ ಕೂತು ಹೂ ಕಟ್ಟು. ಭಯ ಇದ್ದರೆ ಇರಲಿ, ನಾನೂ ಇದ್ದೀನಿ." ಉತ್ತರವನ್ನು ನಿರಾಕರಿಸಿ ಜೊತೆಯನ್ನು ಕೊಡುವುದು ಸುಲಭವಲ್ಲ. ಕಣ್ಣೆದುರು ಮಗು ಬಿಕ್ಕುತ್ತಿರುವಾಗ ಒಂದು "ಇಲ್ಲ ಕಣೇ" ಎಂಬ ಮಾತನ್ನು ತಡೆದುಕೊಳ್ಳುವುದಕ್ಕೆ ತಾಯಿಗೂ ಸಂಯಮ ಬೇಕು.

2021ರ ಏಪ್ರಿಲ್ ಮೇ ತಿಂಗಳುಗಳ ಎರಡನೆಯ ಅಲೆಯಲ್ಲಿ ಎಷ್ಟೋ ಮನೆಗಳ ಅಜ್ಜಿ ತಾತಂದಿರು ನಿಜವಾಗಿಯೇ ಹೋದರು. ಹಾಗೆ ಕಳೆದುಕೊಂಡ ಮನೆಯಲ್ಲಿ ಗೀಳಿನ ಸ್ವಭಾವದವರು ಒಬ್ಬರಿದ್ದರೆ, ಅವರ ಎದೆಯಲ್ಲಿ ಒಂದೇ ಮಾತು ಸುತ್ತುತ್ತಿರುತ್ತದೆ: ನಾನು ತಂದೆ, ನನ್ನಿಂದ ಹೋದರು. ಆ ರೋಗ ಯಾರಿಂದ ಯಾರಿಗೆ ಬಂದಿತೆಂಬುದನ್ನು ಬಹಳ ಸಂದರ್ಭಗಳಲ್ಲಿ ಯಾರೂ ಹೇಳಲಾರರು. ಉಸಿರಾಡಿದ್ದು ಅಪರಾಧವಲ್ಲ. ಅಂಥವರು ಶೋಕವನ್ನು ನುಂಗಿಕೊಂಡು ಗಟ್ಟಿಯಾಗಿರಬೇಕೆಂದು ಬಂಧುಗಳು ಬಯಸಬಾರದು. ಹೋದವರ ಮಾತನ್ನು ಎತ್ತಿ, ಅವರು ಅಳುವಷ್ಟು ಅತ್ತು ಹಗುರಾಗಲು ಎಡೆಮಾಡಿಕೊಡುವುದು ದೊಡ್ಡ ಉಪಕಾರ.

ಮದ್ದುಂಟೆ?

ಧಾರಾಳವಾಗಿ ಉಂಟು. 1966ರಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ವಿಕ್ಟರ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞರು, ಅದುವರೆಗೆ ಬಲುಮಟ್ಟಿಗೆ ಅಸಾಧ್ಯವೆನಿಸಿದ್ದ ಈ ರೋಗಕ್ಕೆ ಒಂದು ದಾರಿ ತೋರಿಸಿದರು. ರೋಗಿ ಹೆದರುವ ವಸ್ತುವನ್ನು ಮುಟ್ಟಬೇಕು, ಮುಟ್ಟಿದ ಮೇಲೆ ತೊಳೆಯಕೂಡದು. ಆಗ ಭಯ ಏರುತ್ತದೆ. ಏರಿದ್ದು ನಿಂತು, ಮೆಲ್ಲನೆ ಇಳಿಯುತ್ತದೆ. ಸುಲಭವಾದುದರಿಂದ ತೊಡಗಿ ಮೆಟ್ಟಿಲು ಮೆಟ್ಟಿಲಾಗಿ, ರೋಗಿಯ ಒಪ್ಪಿಗೆಯಿಂದ, ನುರಿತವರ ಮಾರ್ಗದರ್ಶನದಲ್ಲಿ ಇದನ್ನು ಮಾಡಿಸುವುದು ಇಂದಿಗೂ ಪ್ರಮುಖ ಚಿಕಿತ್ಸೆ. ಇದರೊಡನೆ ಔಷಧಿಗಳೂ ಇವೆ. ಅವುಗಳ ಪೂರ್ಣ ಪರಿಣಾಮ ತಿಳಿಯಲು ಎಂಟು ಹನ್ನೆರಡು ವಾರಗಳಾದರೂ ಬೇಕಾದೀತು. ನಾಲ್ಕು ದಿನ ನುಂಗಿ ಗುಣವಾಗಲಿಲ್ಲವೆಂದು ಬಿಡುವುದಾಗಲಿ, ಸ್ವಲ್ಪ ಗುಣವಾಯಿತೆಂದು ವೈದ್ಯರನ್ನು ಕೇಳದೆ ನಿಲ್ಲಿಸುವುದಾಗಲಿ ಸಲ್ಲದು.

ಪಿಡುಗಿನ ಕಾಲದಲ್ಲಿ ಈ ಚಿಕಿತ್ಸೆಗೇ ಇಕ್ಕಟ್ಟು ಒದಗಿತ್ತು. ತೊಳೆಯಬೇಡವೆಂದು ಹೇಳುತ್ತಿದ್ದ ವೈದ್ಯರೂ ತೊಳೆಯಿರೆಂದು ಹೇಳಬೇಕಾಯಿತು. ಕೊನೆಗೆ ಅವರು ಹಿಡಿದ ದಾರಿ ವಿವೇಕದ್ದು: ಸರಕಾರ ಹೇಳಿದಷ್ಟು ಸಲ, ಹೇಳಿದಷ್ಟು ಹೊತ್ತು ತೊಳೆಯಿರಿ, ಅದಕ್ಕಿಂತ ಒಂದು ಸಲವೂ ಹೆಚ್ಚು ಬೇಡ. ಸಮಾಧಾನವಾಗುವವರೆಗೆ ಎಂಬ ಅಳತೆಯನ್ನು ಕಿತ್ತುಹಾಕಿ ಗಡಿಯಾರದ ಅಳತೆಯನ್ನು ಇಟ್ಟರು. ದಿನವೆಲ್ಲ ಸಾವುನೋವಿನ ಲೆಕ್ಕ ಸಾರುತ್ತಿದ್ದ ದೂರದರ್ಶನವನ್ನೂ ಹೊತ್ತು ಗೊತ್ತುಮಾಡಿ ನೋಡಿರೆಂದರು. ದೇಶ ಕದ ಹಾಕಿಕೊಂಡ ಮಾರ್ಚ್ 25ರಂದೇ ಹೊರಬಿದ್ದ ದೂರವೈದ್ಯಕೀಯ ಮಾರ್ಗಸೂಚಿಯಿಂದಾಗಿ, ಎಷ್ಟೋ ಮಂದಿ ಮನೆಯಲ್ಲಿ ಕುಳಿತೇ ವೈದ್ಯರೊಡನೆ ಮಾತಾಡುವುದು ಸಾಧ್ಯವಾಯಿತು.

ಕನ್ನಡಿಗರಿಗೆ ಮನಸ್ಸಿನ ವೈದ್ಯ ಅಪರಿಚಿತವೇನೂ ಅಲ್ಲ. 'ಕೊರವಂಜಿ'ಯ ಮೂಲಕ ನಾಡನ್ನು ನಗಿಸಿದ ಡಾ. ಎಂ. ಶಿವರಾಂ ಅವರೇ ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಹಳ್ಳಿಹಳ್ಳಿಗೂ ಮಾನಸಿಕ ಚಿಕಿತ್ಸೆಯನ್ನು ಒಯ್ಯಬಹುದೆಂದು 1980ರ ದಶಕದಲ್ಲಿ ದೇಶಕ್ಕೆ ಮಾದರಿಯಾದುದು ನಮ್ಮ ಬಳ್ಳಾರಿ ಜಿಲ್ಲೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಸರಕಾರದ ದೂರವಾಣಿ ಸೇವೆಯನ್ನು 14416 ಎಂಬ ಸಂಖ್ಯೆಗೆ ಕರೆಮಾಡಿ ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು. ಇಷ್ಟೆಲ್ಲ ಇದ್ದರೂ ಜನ ಏನೆಂದುಕೊಂಡಾರು ಎಂದು, ಹುಡುಗಿಗೆ ಮದುವೆಯಾಗಬೇಕಲ್ಲ ಎಂದು ರೋಗವನ್ನು ಬಚ್ಚಿಟ್ಟುಕೊಂಡು ವರ್ಷಗಳನ್ನು ಕಳೆಯುವವರಿದ್ದಾರೆ. 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನೂರಕ್ಕೆ ಮುಕ್ಕಾಲು ಪಾಲಿನಷ್ಟು ವಯಸ್ಕರಲ್ಲಿ ಈ ರೋಗವಿತ್ತು. ಅಂದರೆ ಸಾವಿರ ಜನರ ಒಂದು ಬಡಾವಣೆಯಲ್ಲಿ ಏಳೆಂಟು ಮಂದಿ. ನಮ್ಮ ಬೀದಿಯಲ್ಲಿ ಯಾರೂ ಇಲ್ಲವೆಂದು ಹೇಳುವವರು, ಯಾರೂ ಹೇಳಿಕೊಂಡಿಲ್ಲವೆಂದು ತಿದ್ದಿಕೊಳ್ಳುವುದು ಲೇಸು.

ಪಿಡುಗು ಇಳಿಯಿತು, ಅದು ಕಲಿಸಿದ ಪಾಠ ಉಳಿಯಲಿ. ಕೆಲವು ತಿಂಗಳ ಕಾಲ ನಾವೆಲ್ಲರೂ ಚಿಲಕ ಮುಟ್ಟಲು ಅಂಜಿದ್ದೆವು, ಮುಟ್ಟಿದ ಮೇಲೆ ಕೈಯನ್ನು ಮೈಯಿಂದ ದೂರ ಹಿಡಿದು ನಲ್ಲಿಯತ್ತ ಓಡಿದ್ದೆವು. ನಮಗೆ ಆ ಕಷ್ಟದಿಂದ ಬಿಡುಗಡೆ ಸಿಕ್ಕಿತು. ಸಿಕ್ಕದವರ ಪಾಡು ಹೇಗಿರಬಹುದೆಂದು ತಿಳಿಯಲು ಆ ದಿನಗಳ ನೆನಪೊಂದೇ ಸಾಕು. ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಬಚ್ಚಲ ಬಾಗಿಲು ಗಂಟೆಗಟ್ಟಲೆ ಮುಚ್ಚಿದ್ದರೆ ನೀರಿನ ಬಿಲ್ಲಿನ ಮಾತೆತ್ತಬೇಡಿ. ಹೊರಗೆ ಬಂದವರನ್ನು ಹತ್ತಿರ ಕೂರಿಸಿಕೊಂಡು, ತುಂಬ ಭಯವಾಗುತ್ತದೆಯೇ ಎಂದು ಕೇಳಿರಿ. ವೈದ್ಯರಲ್ಲಿಗೆ ಹೋಗುವಾಗ ಜೊತೆಗೆ ಹೋಗಿರಿ.